ಸಸ್ಯಾಹಾರಿಯ ಬೇಟೆ

ಸಿಡ್ನಿಯ ಟೂಂಗಾಬಿ ಬಡಾವಣೆಯ ನಮ್ಮ ಹಿತ್ತಲಿಗೆ ಭಾನುವಾರ ತಪ್ಪದೆ ಪಕ್ಕದ ಮನೆಯ ಬಾರ್ಬೆಕ್ಯೂ ಹೊಗೆ ಬರುತ್ತದೆ. ಸುಟ್ಟ ಮಾಂಸದ ಆ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು, ಇಲ್ಲವೇ ಮೂಗು ಮುಚ್ಚಿಕೊಳ್ಳಬೇಕೆನಿಸಬಹುದು. ನನಗೆ ಮಾತ್ರ ಗೆಳೆಯ ಮುರಳಿಯ ನೆನಪಾಗುತ್ತದೆ. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಈ ಮೈಸೂರಿನವನು ಮೆಲ್ಬರ್ನ್‌ನ ಬಾಕ್ಸ್ ಹಿಲ್‌ನಲ್ಲಿದ್ದುಕೊಂಡು ಕಾಡಿನ ಜನರ ಬೇಟೆಯ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ನಗಬೇಡಿ. ಈಜು ಬಾರದ ನಾನು ಬಂದರಿನ ಆಫೀಸಿನಲ್ಲಿ ಕೆಲಸ ಮಾಡುತ್ತಿಲ್ಲವೇ?

ಕೆಲವು ವರ್ಷಗಳ ಹಿಂದೆ ಅವನನ್ನು ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಹಳ್ಳಿಯೊಂದಕ್ಕೆ ಕಳಿಸಿದ್ದರು. ಹೊಟ್ಟೆಪಾಡಿಗೆ ಅವರು ಆಡುವ ಬೇಟೆಯಿಂದ ಪ್ರಾಣಿಗಳು ಕಡಿಮೆಯಾಗುತ್ತಿವೆಯೇ ಎಂದು ನೋಡಿ ಹೇಳಬೇಕು. ಹೌದೆಂದರೆ ಕಾಡನ್ನು ಮೀಸಲು ಮಾಡಿ ಅವರನ್ನು ಹೊರಗಿಡುತ್ತಾರೆ. ಒಂದು ಹಳ್ಳಿಯ ಊಟ ಈ ಅನ್ನ ಸಾರಿನವನ ಕೈಯಲ್ಲಿತ್ತು.

ವಾಪಸಾದವನು ಸಿಡ್ನಿಗೆ ಬಂದಾಗ ನಮ್ಮಲ್ಲಿ ಊಟಕ್ಕೆ ಕೂತ. ಬಡಿಸುತ್ತಿದ್ದವಳು ನನ್ನ ಹೆಂಡತಿ, ಉಡುಪಿಯವಳು.

“ಹೋಸ್ಟ್ ಫ್ಯಾಮಿಲಿ ತುಂಬ ಒಳ್ಳೆಯವರು ಕಣೋ. ಆದ್ರೆ ಬೇಟೆ ವಿಪರೀತ. ಒಂದಿನ ಕಾಡುಹಂದಿ, ಮಾರನೇ ದಿನ ಹಕ್ಕಿ, ಆಮೇಲೆ ಆಮೆ, ಕೊನೆಗೆ ಕೋತಿ. ಎಲ್ಲ ತೂಕ ಮಾಡಿ ಡೇಟಾ ತಗೊಂಡೆ.”

“ನೀವೆಂತ ತಿಂತಿದ್ರಿ?” ಎಂದಳು ಇವಳು.

“ಮರಗೆಣಸಿನ ರೊಟ್ಟಿ, ಬಾಳೆಹಣ್ಣು. ಅತಿಥಿಗೆ ಮೊದಲ ತುಂಡು ಕೊಡೋದು ಅವರ ಪದ್ಧತಿ. ವೆಜಿಟೇರಿಯನ್ ಅಂದ್ರೆ ಬೇಜಾರು ಮಾಡ್ಕೋತಾರೆ ಅಂತ, ನಗ್ತಾ ‘ಇದು ಬೇಡ’ ಅಂತಿದ್ದೆ.”

ನಮ್ಮ ದಾಕ್ಷಿಣ್ಯವೇ ಹಾಗೆ. ನಾನೂ ಆಫೀಸಿನ ಪಾರ್ಟಿಗಳಲ್ಲಿ ಹೊಟ್ಟೆ ಸರಿಯಿಲ್ಲ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹೇಳಿ, ಕೊನೆಗೆ ಬಾಸ್ ನನ್ನನ್ನು ಡಾಕ್ಟರ ಬಳಿಗೆ ಅಟ್ಟಿದ್ದುಂಟು. ಆದರೆ ಅಲ್ಲಿ ಕೆಟ್ಟದ್ದು ನನ್ನ ಮಾನವೊಂದೇ.

ಇವಳ ಸೌಟು ಕೈಯಲ್ಲೇ ನಿಂತಿತು. “ಹಂದಿ ಬೇಡ ಅಂದ್ರಿ, ಹಕ್ಕಿ ತಂದ್ರು. ಹಕ್ಕಿ ಬೇಡ ಅಂದ್ರಿ, ಆಮೆ ತಂದ್ರು. ಈಗ ನೀವು ಪಲ್ಯ ಬೇಡ ಅಂದದ್ದಕ್ಕೆ ನಾನು ಹುಳಿ ತಂದದ್ದಲ್ವಾ? ಅವ್ರು ಅಷ್ಟು ಬೇಟೆ ಆಡಿದ್ದು ನಿಮಗೋಸ್ಕರ ಮಾರಾಯ್ರೆ.”

ಮುರಳಿಯ ಮುಖ ಸಪ್ಪಗಾಯಿತು. ಪಾಪ, ಮನುಷ್ಯನಿಗೆ ಅರ್ಥವಾಯಿತು ಎಂದುಕೊಂಡೆ.

“ರಿಪೋರ್ಟ್ ಆಗಲೇ ಸಬ್ಮಿಟ್ ಆಗಿದೆ,” ಎಂದ.

“ಹೀಗಾಯ್ತು ಅಂತ ಹೇಳಿಬಿಡಿ.”

“ಹೇಳಿದ್ರೆ ಇಡೀ ಸ್ಟಡಿ ಬಿದ್ದುಹೋಗುತ್ತೆ. ಮುಂದಿನ ಗ್ರಾಂಟ್ ಯಾರು ಕೊಡ್ತಾರೆ?” ಎಂದವನು ಮಜ್ಜಿಗೆ ಕೇಳಿ ಹಾಕಿಸಿಕೊಂಡ. ಪ್ರಾಣಿಗಳ ಮೇಲೆ ಅವನಿಗೆ ಬಹಳ ಕರುಣೆ.

ಮೊನ್ನೆ ಫೋನ್ ಮಾಡಿದ್ದ. ಕಾಡು ಮೀಸಲಾಯಿತಂತೆ, ಅವನಿಗೆ ಪ್ರಮೋಷನ್ ಆಯಿತಂತೆ.

“ನಿನಗೆ ಊಟ ಹಾಕಿದವರು?”

“ಅವರಾ? ಹೈವೇ ಪಕ್ಕದ ಟೌನ್‌ಗೆ ಶಿಫ್ಟ್ ಮಾಡಿದಾರೆ. ಡಬ್ಬಿ ಮೀನು ತಿಂತಾರಂತೆ. ಅದೆಲ್ಲ ನನ್ನ ಸ್ಟಡಿಯಲ್ಲಿ ಬರಲ್ಲ ಕಣೋ. ಅಂದಹಾಗೆ, ಮುಂದಿನ ತಿಂಗಳು ಸಿಡ್ನಿಗೆ ಬರ್ತಿದೀನಿ. ಊಟ ನಿಮ್ಮನೇಲೇ.”

ನನಗೆ ಮೈ ಉರಿಯಿತು. ಹೆಂಡತಿಗೆ ಹುಷಾರಿಲ್ಲ ಎನ್ನಬಹುದಿತ್ತು, ನಾವೇ ಊರಲ್ಲಿರುವುದಿಲ್ಲ ಎನ್ನಬಹುದಿತ್ತು. ಅಂಥ ಮಾತುಗಳು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತವೆ.

“ಬರಬೇಡ,” ಎಂದೆ.