ಒಂದೇ ಸಲದ ಮನವಿ

ನನ್ನ ಅಕ್ಕ ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಕಿಟಕಿಯ ಬದಿಗೆ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಬಾಗಿಲ ಪಕ್ಕ ಅಮ್ಮನ ಕುರ್ಚಿ. ಅಮ್ಮ ಅಲ್ಲಿ ಕೂತು ಕಾಜಾ ಹಾಕುತ್ತಾಳೆ, ಗುಂಡಿ ಹೊಲಿಯುತ್ತಾಳೆ, ಬಿಡುವಾದಾಗ ಬೀದಿಯಲ್ಲಿ ಹೋಗುವವರ ಬಟ್ಟೆಗೆಲ್ಲ ಕೊಂಕು ತೆಗೆಯುತ್ತಾಳೆ.

ಅಕ್ಕ ಪ್ರೋಗ್ರಾಂ ಬರೆಯಲು ಕಲಿತದ್ದು ಒಂದು ತಪ್ಪಿನಿಂದ. ನಮ್ಮ ಬೀದಿಯ ಗ್ರಂಥಪಾಲಕರ ಕೋಟಿಗೆ ಎರಡೂ ಎಡತೋಳನ್ನೇ ಕತ್ತರಿಸಿಬಿಟ್ಟಿದ್ದಳು. ಬಟ್ಟೆ ಮಡಿಸದೆ ಒಂದೊಂದೇ ತುಂಡು ಕತ್ತರಿಸುವಾಗ, ನಮೂನೆಯ ಕಾಗದವನ್ನು ಮಗುಚಿ ಹಾಕಲು ಮರೆತರೆ ಹಾಗಾಗುತ್ತದೆ. ಮಿಕ್ಕ ಬಟ್ಟೆ ಬಲತೋಳಿಗೆ ಸಾಲಲಿಲ್ಲ.

"ಬಿಡಮ್ಮ, ಬಲಗೈನ ಒಳಗೇ ಇಟ್ಕೊಂಡು ಓಡಾಡ್ತೀನಿ. ಸಾಲ ಕೇಳೋರಿಗೆ ಕೈ ಇಲ್ಲ ಅಂತೀನಿ" ಎಂದು ಗ್ರಂಥಪಾಲಕರು ನಕ್ಕರು. ಅಕ್ಕ ನಗಲಿಲ್ಲ. ಮರುವಾರ ಅವರ ಗ್ರಂಥಾಲಯದಿಂದಲೇ ಪ್ರೋಗ್ರಾಂ ಕಲಿಸುವ ದಪ್ಪನೆಯ ಪುಸ್ತಕವೊಂದನ್ನು ತಂದಳು. ಒಂದಾದ ಮೇಲೊಂದರಂತೆ ಒಂಬತ್ತು ಪುಸ್ತಕ. ಮೂರು ವರ್ಷ.

ಅವಳು ಮಾಡಿದ ಆ್ಯಪ್ ಹೀಗಿತ್ತು: ಮೈಯ ಅಳತೆ, ಬಟ್ಟೆಯ ಅಗಲ ಹೇಳಿದರೆ ಸಾಕು, ಯಾವ ತುಂಡನ್ನು ಎಲ್ಲಿ ಹಾಸಿದರೆ ಬಟ್ಟೆ ಕಡಿಮೆ ಪೋಲಾಗುತ್ತದೆಂದು ಗೆರೆ ಎಳೆದು ತೋರಿಸುತ್ತಿತ್ತು. ಎರಡು ತೋಳೂ ಒಂದೇ ಕಡೆಯದಾದರೆ ಕೆಂಪಗಾಗುತ್ತಿತ್ತು. ಅದನ್ನು ಆ್ಯಪ್ ಮಳಿಗೆಯಲ್ಲಿಟ್ಟ ಎರಡೇ ವರ್ಷದಲ್ಲಿ, ಎಂದೂ ಕಾಣದ ಊರುಗಳ ಹನ್ನೊಂದು ಸಾವಿರ ದರ್ಜಿಗಳು ಬಳಸತೊಡಗಿದರು. ಅವರಲ್ಲೊಬ್ಬ, "ನಾನು ಎಡಚ. ನಿಮ್ಮ ಗೆರೆ ನನ್ನ ಕತ್ತರಿಗೆ ಉಲ್ಟಾ" ಎಂದು ಬರೆದ. ಎರಡು ದಿನದಲ್ಲಿ ಅಕ್ಕ ತುಂಡುಗಳ ಇಡೀ ಹಾಸನ್ನು ಎಡಬಲ ಮಗುಚಿ ತೋರಿಸುವ ಗುಂಡಿ ಸೇರಿಸಿದಳು. "ನಮ್ಮನೇಲೂ ನನ್ನ ಮಾತು ಇಷ್ಟು ಬೇಗ ಯಾರೂ ಕೇಳಿಲ್ಲ" ಎಂದು ಅವನಿಂದ ಉತ್ತರ ಬಂತು. ಅಕ್ಕ ಅದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿದಳು. ಹೊಲಿದು ಕೊಟ್ಟ ಬಟ್ಟೆಯನ್ನು ಯಾರೋ ಹಾಕಿಕೊಂಡು ಬೀದಿಯಲ್ಲಿ ನಡೆದಾಗ ಅವಳ ಮುಖದಲ್ಲಿ ಮೂಡುತ್ತಿದ್ದ ಬೆಳಕೇ ಆಗಲೂ ಇತ್ತು.

ಒಂದು ಬುಧವಾರ ಮಧ್ಯಾಹ್ನ ಮಳಿಗೆಯಿಂದ ಮೇಲ್ ಬಂತು. ಈ ಹಿಂದೆ ನಿಯಮ ಮುರಿದು ರದ್ದಾದ ಖಾತೆಯೊಂದರೊಂದಿಗೆ ನಿಮ್ಮ ಖಾತೆಗೆ ಸಂಬಂಧವಿದೆ. ಆದ್ದರಿಂದ ನಿಮ್ಮ ಖಾತೆಯನ್ನೂ ಆ್ಯಪನ್ನೂ ತೆಗೆದುಹಾಕಲಾಗಿದೆ. ಯಾವ ಖಾತೆ, ಯಾವ ನಿಯಮ, ಒಂದೂ ಇರಲಿಲ್ಲ. ಕೊನೆಯಲ್ಲಿ, ಒಂದು ಸಲ ಮಾತ್ರ ಮೇಲ್ಮನವಿ ಸಲ್ಲಿಸಬಹುದು ಎಂದಿತ್ತು.

"ಸಂಬಂಧ ಅಂತೆ ಸಂಬಂಧ! ಅಪ್ಪನ ಕಡೆಯೋ ಅಮ್ಮನ ಕಡೆಯೋ ಅಂತಾದ್ರೂ ಬರೀಬಾರದಾ?" ಎಂದಳು ಅಮ್ಮ.

"ಸ್ವಲ್ಪ ಸುಮ್ನಿರಮ್ಮ" ಎಂದಳು ಅಕ್ಕ.

ನನಗೆ ಓದಿದ ತಕ್ಷಣವೇ ತಿಳಿಯಿತು. ಕಾಲೇಜಿನ ಮೊದಲ ವರ್ಷ ಗೆಳತಿಯರನ್ನು ನಗಿಸಲು ನಾನೊಂದು ಆಟ ಮಾಡಿ ಅದೇ ಮಳಿಗೆಗೆ ಹಾಕಿದ್ದೆ. ಅದರ ಚಿತ್ರಗಳೆಲ್ಲ ಯಾವುದೋ ಕಾರ್ಟೂನಿನಿಂದ ಎತ್ತಿದ್ದು. ಮಳಿಗೆಯವರು ತೆಗೆದರು. ಹೆಸರು ಬದಲಿಸಿ ಮತ್ತೆ ಹಾಕಿದೆ. ಮತ್ತೆ ತೆಗೆದರು. ಮೂರನೇ ಸಲ ಖಾತೆಯನ್ನೇ ಮುಚ್ಚಿದರು. ನಾವೆಲ್ಲ ನಕ್ಕು ಮರೆತೆವು. ಆಗ ನನ್ನ ಬಳಿ ಫೋನಿರಲಿಲ್ಲ. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಖಾತೆ ತೆರೆಯುವಾಗ ಅಕ್ಕನ ನಂಬರು ಕೊಟ್ಟಿದ್ದೆ. ಆರಂಕಿಯ ಸಂಖ್ಯೆ ಅವಳ ಫೋನಿಗೆ ಬಂದಾಗ, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಅವಳು ಅದನ್ನು ಓದಿ ಹೇಳಿದ್ದಳು. ಯಾಕೆ ಎಂದು ಕೇಳಿರಲಿಲ್ಲ. ಮುಂದೆ ಅವಳು ತನ್ನ ಖಾತೆ ತೆರೆದದ್ದೂ ಅದೇ ನಂಬರಿನಿಂದ, ಅದೇ ಹಳೆಯ ಕಂಪ್ಯೂಟರಿನಿಂದ. ಇವೆರಡನ್ನು ಜೋಡಿಸಿ ನೋಡಲು ಮಳಿಗೆಯ ಯಂತ್ರಕ್ಕೆ ಇಷ್ಟು ವರ್ಷ ಹಿಡಿದಿತ್ತು.

"ಬಾರೇ, ನೀನೇ ಬರಿ. ನಿನ್ನ ಭಾಷೆ ಚೆನ್ನಾಗಿದೆ" ಎಂದಳು ಅಕ್ಕ. ಮನವಿಗೆ ಒಂದು ಚಿಕ್ಕ ಚೌಕ ಕೊಟ್ಟಿದ್ದರು. ಸಾವಿರ ಅಕ್ಷರದಲ್ಲಿ ಮುಗಿಯಬೇಕು. ನಾನು ಕೂತೆ. ಅವಳು ಕುರ್ಚಿಯ ಹಿಂದೆ ನಿಂತು ಹೇಳಿದಳು. ದರ್ಜಿ ಎಂದು, ಒಬ್ಬಳೇ ಮಾಡಿದ್ದೆಂದು, ಯಾರದನ್ನೂ ಕದ್ದಿಲ್ಲವೆಂದು. ಆಮೇಲೆ, "ನನಗೆ ಬೇರೆ ಖಾತೆ ಇಲ್ಲ. ನಮ್ಮನೇಲಿ ಯಾರಿಗೂ ಯಾವತ್ತೂ ಇರಲಿಲ್ಲ. ಹಾಗೇ ಬರಿ."

ನನ್ನ ಬೆರಳು ನಿಂತವು.

"ಏನೇ, ಜಾಗ ಸಾಲಲ್ವಾ?"

"ಸಾಲುತ್ತೆ."

ಬರೆದೆ. ಕಳಿಸಿದೆ. ಹೇಳದೆ ಇದ್ದುದಕ್ಕೆ ಕಾರಣ ಹುಡುಕುತ್ತ ಎಷ್ಟೋ ದಿನ ಕಳೆದಿದ್ದೇನೆ. ದೊಡ್ಡದೇನೂ ಸಿಗುವುದಿಲ್ಲ. ನಾಚಿಕೆಯಾಗಿತ್ತು, ಅಷ್ಟೇ. ಯಾರಾದರೂ ಮನುಷ್ಯರು ಓದುತ್ತಾರೆ, ತೋಳಿನ ಗೆರೆಗಳನ್ನು ನೋಡುತ್ತಾರೆ, ಇವಳು ಕಳ್ಳಿಯಲ್ಲ ಎಂದು ಅವರಿಗೇ ತಿಳಿಯುತ್ತದೆ ಎಂದುಕೊಂಡಿದ್ದೆ.

ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು. ನಿಮ್ಮ ಮನವಿಯನ್ನು ಕೂಲಂಕಷವಾಗಿ ಪರಿಶೀಲಿಸಿದ್ದೇವೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ.

ಅದೇ ತಿಂಗಳು ದೊಡ್ಡ ಕಂಪನಿಯೊಂದರ ಆ್ಯಪ್ ಮಳಿಗೆಯ ಮೊದಲ ಸಾಲಿನಲ್ಲಿ ಕಾಣಿಸಿತು. ಅದೇ ಹಾಸು, ಅದೇ ಕೆಂಪು, ಎಡಚರಿಗೆ ಮಗುಚುವ ಗುಂಡಿಯೂ ಅದೇ ಮೂಲೆಯಲ್ಲಿ. ಅಕ್ಕ ದೂರು ಕೊಡುವ ಪುಟ ತೆರೆದಳು. ಮೊದಲು ನಿಮ್ಮ ಖಾತೆಗೆ ಲಾಗಿನ್ ಆಗಿ ಎಂದಿತು ಅದು.

ನಾನು ಹೇಳಿದ್ದು ಮರುದಿನ. ಅಮ್ಮ ಔಷಧಿ ಅಂಗಡಿಗೆ ಹೋಗಿದ್ದಳು. ಅಕ್ಕ ಕೋಟೊಂದರ ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಆಟ, ಚಿತ್ರ, ಮೂರು ಸಲ ಹಾಕಿದ್ದು, ಅವಳ ಫೋನಿಗೆ ಬಂದ ಸಂಖ್ಯೆ, ಎಲ್ಲ ಹೇಳಿದೆ. ಅವಳು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದಳು.

"ಮನವಿ ಬರೆಯುವಾಗ ಇದು ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

"ಆಟ ಹಾಕಿದ್ದು ಬಿಡು. ಹುಡುಗಾಟ. ಅವತ್ತು ಹೇಳಿದ್ದಿದ್ರೆ, ನನ್ನ ತಂಗಿ ಗೊತ್ತಿಲ್ದೆ ಮಾಡಿದ್ದು, ಕ್ಷಮಿಸಿ ಅಂತ ಬರೀತಿದ್ದೆ. ಕೇಳ್ತಿದ್ರೋ ಇಲ್ವೋ. ನಿಜನಾದ್ರೂ ಇರ್ತಿತ್ತು." ಇಸ್ತ್ರಿಯ ಸ್ವಿಚ್ ಆರಿಸಿ, "ನನ್ನ ಕೈಲಿ ಸುಳ್ಳು ಹೇಳಿಸಿದೆಯಲ್ಲೇ" ಎಂದಳು.

ನಾನು ಅತ್ತೆ. ಅವಳು ಬಯ್ಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ.

ಆ ಸಂಜೆಯೇ ನಾನು ನನ್ನ ಹೆಸರಿನಲ್ಲಿ, ನಡೆದದ್ದನ್ನೆಲ್ಲ ಬರೆದು ಮಳಿಗೆಯ ಸಾಮಾನ್ಯ ವಿಳಾಸಕ್ಕೆ ಕಳಿಸಿದೆ. ಈ ವಿಷಯ ಮುಗಿದಿದೆ, ಮುಂದಿನ ಸಂದೇಶಗಳಿಗೆ ಉತ್ತರಿಸುವುದಿಲ್ಲ ಎಂದು ಬಂತು. ನಿಯಮ ಯಾಕೆ ಇದೆ ಎಂದು ನನಗೆ ಅರ್ಥವಾಗುತ್ತದೆ. ಮೋಸಗಾರರು ಹೆಸರು ಬದಲಿಸಿ ಮತ್ತೆ ಬರುತ್ತಾರೆ; ನಾನೇ ಬಂದಿದ್ದೆನಲ್ಲ. ಆದರೆ ಇಂಥ ಖಾತೆ ಎಂದು ಅವರು ಒಂದು ಸಾಲು ಬರೆದಿದ್ದರೆ ಅಕ್ಕ ಅವತ್ತೇ ನನ್ನ ಮುಖ ನೋಡುತ್ತಿದ್ದಳು. ನಾನು ಬಾಯಿ ಬಿಡಲೇಬೇಕಾಗುತ್ತಿತ್ತು.

"ಅಮ್ಮನ ಹೆಸರಲ್ಲಿ ಹೊಸ ಖಾತೆ ತೆಗೆಯೋಣ್ವಾ?" ಎಂದು ಒಮ್ಮೆ ಕೇಳಿದೆ.

"ಬೇಡ. ಆಗ ನಾವು ಮೋಸಗಾರರು ಅನ್ನೋದು ನಿಜವೇ ಆಗಿಬಿಡುತ್ತೆ."

ಈಗಾಗಲೇ ಫೋನಿಗೆ ಇಳಿಸಿಕೊಂಡವರಿಗೆ ಆ್ಯಪ್ ಇನ್ನೂ ನಡೆಯುತ್ತದೆ. ಫೋನು ಬದಲಾಯಿಸಿದವರಿಗೆ ಇಲ್ಲ. ವಾರಕ್ಕೆ ಇಬ್ಬರೋ ಮೂವರೋ ಬರೆಯುತ್ತಾರೆ: ಅಕ್ಕಾ, ಆ್ಯಪ್ ಸಿಗ್ತಾ ಇಲ್ಲ, ಎಲ್ಲಿ ಹೋಯಿತು? ಅಕ್ಕ ಯಂತ್ರ ನಿಲ್ಲಿಸಿ ನನ್ನಿಂದ ಅಳತೆ ಕೇಳಿಸುತ್ತಾಳೆ, ಕಾಗದದ ಮೇಲೆ ಸ್ಕೇಲಿಟ್ಟು ಹಾಸು ಬರೆಯುತ್ತಾಳೆ, ನಾನು ಫೋಟೊ ತೆಗೆದು ಕಳಿಸುತ್ತೇನೆ. ಆ್ಯಪ್ ಕ್ಷಣದಲ್ಲಿ ಮಾಡುತ್ತಿದ್ದುದಕ್ಕೆ ಅವಳಿಗೆ ಮುಕ್ಕಾಲು ಗಂಟೆ ಬೇಕು.

ಉತ್ತರ ಬರೆಯುವುದೂ ನಾನೇ. ಏನಾಯಿತೆಂದು ಕೇಳಿದವರಿಗೆ, ನಮ್ಮ ಕಡೆಯಿಂದ ಒಂದು ತಪ್ಪಾಗಿತ್ತು ಎಂದು ಬರೆಯಲು ಅಕ್ಕ ಹೇಳಿದ್ದಾಳೆ. ಕಳೆದ ವಾರ ಹೆಂಗಸೊಬ್ಬಳಿಗೆ, ತಪ್ಪು ತಂಗಿಯದು ಎಂದು ಬರೆದೆ. ಅಕ್ಕ ಬಗ್ಗಿ ಓದಿದಳು.

"ಅದನ್ನ ತೆಗಿ. ಅವಳು ಕೋಟು ಕತ್ತರಿಸ್ಬೇಕು, ನಮ್ಮನೆ ಕಥೆ ಯಾಕೆ ಅವಳಿಗೆ?"

ತೆಗೆದೆ. ಅಕ್ಕ ಪೆನ್ಸಿಲು ಹೆರೆದುಕೊಂಡು, "ಭುಜ ಎಷ್ಟಂತೆ?" ಎಂದು ಕೇಳಿದಳು.