ಅಕ್ಷರ ಜೋಡಿಸಿ ಮಾಡಿದ ಪೋಲಿಯೋ

ನನಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎಡಗಾಲು ಸೋತಿತು. ಆ ಕಾಲನ್ನು ಎಳೆದುಕೊಂಡೇ ಕಾಸರಗೋಡಿನಲ್ಲಿ ಶಾಲೆ ಕಲಿತೆ, ಕಾನೂನು ಓದಿದೆ, ಕೊಚ್ಚಿಯಲ್ಲಿ ಸರಕಾರಿ ಕೆಲಸಕ್ಕೆ ಸೇರಿದೆ. ಅಲ್ಲೇ ಕಲೂರಿನ ಬಾಡಿಗೆ ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಕಾಲಿನ ಮಾತು ನಮ್ಮ ನಡುವೆ ಬರುತ್ತಿರಲಿಲ್ಲ.

ಅಕ್ಕನ ಮಗಳು ಆಗ ತಿರುವನಂತಪುರದಲ್ಲಿ ಬಯೋಟೆಕ್ನಾಲಜಿ ಓದುತ್ತಿದ್ದಳು. ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಕಚೇರಿಯ ಕೆಲಸಕ್ಕೆಂದು ಅಲ್ಲಿನ ಸೆಕ್ರೆಟರಿಯೇಟಿಗೆ ಹೋದವಳು ಹಾಗೇ ಅವಳ ಕಾಲೇಜಿಗೂ ಹೋದೆ. ಅವಳಿಗೆ ಸಂಭ್ರಮವೋ ಸಂಭ್ರಮ. ಲ್ಯಾಬಿನಲ್ಲಿ ಪುಟ್ಟ ಗಾಜಿನ ತಟ್ಟೆಯೊಂದನ್ನು ನೇರಳೆ ದೀಪದ ಕೆಳಗಿಟ್ಟಳು. ಅದರಲ್ಲಿ ಬೆಳೆದಿದ್ದ ಬ್ಯಾಕ್ಟೀರಿಯಾ ಹಸಿರಾಗಿ ಹೊಳೆಯಿತು.

“ಜೆಲ್ಲಿಮೀನಿನ ಜೀನ್ ಹಾಕಿದ್ದು ಚಿಕ್ಕಮ್ಮ. ಅಜ್ಜಿ ಚುಚ್ಚಿಕೊಳ್ಳುವ ಇನ್ಸುಲಿನ್ ಉಂಟಲ್ಲ, ಅದನ್ನು ಮಾಡುವುದೂ ಹೀಗೆಯೇ. ಮನುಷ್ಯನ ಜೀನು, ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ!”

“ಮನುಷ್ಯನದ್ದಾ? ಯಾರ ಮೈಯಿಂದ ತೆಗೆಯುವುದು?”

“ತೆಗೀಬೇಕಂತಲೇ ಇಲ್ಲ. ಡಿಎನ್‌ಎ ಅಂದ್ರೆ ನಾಲ್ಕೇ ಅಕ್ಷರ. ಬೇಕಾದ ಸಾಲು ಬರೆದು ಕಳಿಸಿದ್ರೆ ಜೋಡಿಸಿ ಕೊಡುವ ಕಂಪನಿಗಳುಂಟು. ಅಂಚೆಯಲ್ಲಿ ಬರ್ತದೆ.”

“ಅಂಚೆಯಲ್ಲಿಯಾ?” ನಾನು ನಕ್ಕುಬಿಟ್ಟೆ.

“ಹೌದು ಮತ್ತೆ! ಅಮೆರಿಕದಲ್ಲಿ ಹಾಗೆ ತರಿಸಿ ಇಡೀ ಒಂದು ವೈರಸ್ಸನ್ನೇ ಮಾಡಿದ್ದಾರೆ. ಇಲಿಗೆ ಚುಚ್ಚಿದ್ರೆ ಅದರ ಕಾಲಿನ ಶಕ್ತಿಯೇ ಹೋಯ್ತಂತೆ, ಥೇಟ್ ಪೋಲಿಯೋ...”

ಅಲ್ಲಿಗೆ ಅವಳ ಮಾತು ನಿಂತಿತು. ಕಣ್ಣು ನನ್ನ ಕಾಲಿನತ್ತ ಹೋಗಿ ತಟ್ಟನೆ ಹಿಂದೆ ಬಂತು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ನೀರಿನಿಂದಲೋ ಗ್ರಹಚಾರದಿಂದಲೋ ಬಂತೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಅದೇ ರೋಗದ ವೈರಸ್ಸನ್ನು ಈಗ ಮೇಜಿನ ಮುಂದೆ ಕೂತು ಯಾರೋ ಬೇಕೆಂದೇ ಮಾಡಿದ್ದರು. ಇತ್ತ ನಮ್ಮಲ್ಲಿ ಭಾನುವಾರ ಭಾನುವಾರ ಮಕ್ಕಳ ಬಾಯಿಗೆ ಹನಿ ಹಾಕಿ ಅದನ್ನು ಓಡಿಸುತ್ತಿದ್ದೇವೆ.

“ಸಾರಿ ಚಿಕ್ಕಮ್ಮ,” ಅಂದಳು. ನಾನು ಚೀಲ ಎತ್ತಿಕೊಂಡು ಹೊರಟೆ. ಕೊಚ್ಚಿಯವರೆಗೂ ರೈಲಿನಲ್ಲಿ ಒಂದು ಚಾ ಕೂಡ ಕುಡಿಯಲಾಗಲಿಲ್ಲ.

ಮರುದಿನ ಅಮ್ಮನಿಗೆ ಹೇಳಿದೆ. ತಿಂಡಿಗೆ ಮೊದಲು ಸೂಜಿ ಚುಚ್ಚಿಕೊಳ್ಳುತ್ತಿದ್ದವರು ಕೈ ತಡೆದರು.

“ಎಂತಕ್ಕೆ ಮಾಡಿದ್ದಂತೆ?”

“ಮಾಡ್ಲಿಕ್ಕೆ ಆಗ್ತದೆ ಅಂತ ತೋರಿಸ್ಲಿಕ್ಕೆ.”

“ತೋರಿಸ್ಲಿಕ್ಕಾ?” ಅಮ್ಮನ ಸ್ವರ ಏರಿತು. “ಜ್ವರದ ಮಗುವನ್ನು ಹೊತ್ತುಕೊಂಡು ಮಂಗಳೂರಿಗೆ ಓಡಿದವರು ಅವರಲ್ಲಿ ಒಬ್ಬರೂ ಇರ್ಲಿಲ್ವಾ?”

ಅಮ್ಮ ಆ ಓಟದ ಬಗ್ಗೆ ಬಾಯಿಬಿಟ್ಟದ್ದು ಅದೇ ಮೊದಲು. ಬಸ್ಸಿನಲ್ಲಿ ನನ್ನ ಕಾಲನ್ನು ಮತ್ತೆ ಮತ್ತೆ ಚಿವುಟಿ ನೋಡಿದ್ದನ್ನೂ ಹೇಳಿದರು. ಆಮೇಲೆ ಇನ್ಸುಲಿನ್ ಚುಚ್ಚಿಕೊಂಡರು.

ಅಮ್ಮನ ಆ ಪ್ರಶ್ನೆಯನ್ನು ಫೋನಿನಲ್ಲಿ ಅಕ್ಕನ ಮಗಳಿಗೆ ದಾಟಿಸಿದೆ. ಅವಳು ಅದನ್ನು ಕ್ಲಾಸಿನಲ್ಲಿ ಎತ್ತಿದಳಂತೆ. ಮೇಷ್ಟ್ರು ಪಾಠ ಬಿಟ್ಟು ಗಂಟೆಯಿಡೀ ಅದನ್ನೇ ಚರ್ಚಿಸಿದರಂತೆ.

“ಉತ್ತರ ಸಿಕ್ಕಿತಾ?”

“ಇಲ್ಲ ಚಿಕ್ಕಮ್ಮ. ಜಗಳ ಆಯ್ತು.”

ಜಗಳವಾದರೂ ಆಗಲಿ ಅನಿಸಿತು.