ಹುಲ್ಲುಹಾಸಿಗಾಗಿ ಕಿತ್ತ ಸೊಪ್ಪು

ಹೇಳಬೇಕು, ಹೇಳಬೇಕು ಎಂದುಕೊಂಡೇ ಸುಮಾರು ಐವತ್ತು ವರ್ಷ ತಳ್ಳಿಬಿಟ್ಟೆ. ಎಪ್ಪತ್ತರ ದಶಕದ ಒಂದು ಬೆಳಿಗ್ಗೆ, ವಿಜಯನಗರದ ನಮ್ಮ ರಸ್ತೆಯ ಪಾರ್ಕಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎದುರುಮನೆಯಾಕೆ ಬೆಳೆಸಿದ್ದ ಗೋಣಿಸೊಪ್ಪು, ರಾಜಗಿರಿಯನ್ನು ಬೇರುಸಹಿತ ಕೀಳುತ್ತಿದ್ದೆ. ನಾನು ಬಡಾವಣೆ ಸಂಘದ ಕಾರ್ಯದರ್ಶಿ. ಅಲ್ಲಿ ಹುಲ್ಲುಹಾಸು ಬರಬೇಕೆಂದು ನಾನೇ ಹಟ ಹಿಡಿದಿದ್ದೆ.

ಗದಗದ ಕಡೆಯ ಆಕೆ ಓಡಿ ಬಂದರು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ.

"ಇದು ಕಳೆ ಕಣ್ರೀ, ಪಾರ್ಕಿಗೆ ಲಕ್ಷಣ ಅಲ್ಲ" ಅಂದೆ.

"ನಿಮ್ಮ ಹುಲ್ಲು ಯಾರು ತಿಂತಾರ್ರೀ, ಸೆಕ್ರೆಟ್ರಿ ಸಾಹೇಬ್ರು ತಿಂತಾರೇನು? ಇದು ನೀರು ಬೇಡೂದಿಲ್ಲ, ಬಿಸಿಲಿಗೆ ಅಂಜೂದಿಲ್ಲ. ನೀವು ಕೀಳ್ರಿ, ನಾ ಮತ್ತ ಹಚ್ಚತೇನಿ. ನಿಮ್ಮ ಮನಿಯಾಕಿ ಮೈಯಾಗ ರಕ್ತ ಇಲ್ಲಂತ ಡಾಕ್ಟರ್ ಹೇಳ್ಯಾರ. ಆಕೀಗೆ ದಿನಾ ಈ ಪಲ್ಲೆ ಕೊಡಾಕಿ ನಾನ."

ನನ್ನ ಕೈ ನಿಂತಿತು. ಹೆಂಡತಿ ಆಗ ಏಳು ತಿಂಗಳ ಬಸುರಿ. ಮನೆಯ ಬಸ್ಸಾರಿಗೆ ಸೊಪ್ಪು ಎಲ್ಲಿಂದ ಬರುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆದರೂ ಸಂಘದವರು ನೋಡುತ್ತಿದ್ದಾರಲ್ಲ ಎಂದು ಉಳಿದದ್ದನ್ನೂ ಕಿತ್ತೆ.

ಆ ವಾರವೇ ಆಕೆ ತಮ್ಮ ಕಾಂಪೌಂಡಿನ ಅಂಚಿಗೆ ಮತ್ತೆ ಬಿತ್ತಿದರು. ಹೆರಿಗೆಯವರೆಗೂ ನನ್ನ ಹೆಂಡತಿಗೆ ಸೊಪ್ಪು ತಪ್ಪಿಸಲಿಲ್ಲ. ನಮ್ಮ ಹುಲ್ಲು ಮೊದಲ ಬೇಸಿಗೆಗೇ ಒಣಗಿತು.

ಕ್ಷಮೆ ಕೇಳಲು ರಸ್ತೆ ದಾಟಿದರೆ ಸಾಕಿತ್ತು. ಅವರು ಮನೆ ಖಾಲಿ ಮಾಡಿ ಹೋಗುವವರೆಗೂ ದಾಟಲಿಲ್ಲ. ಈಗ ಹೆಸರು ಹಿಡಿದು ಹೇಳುತ್ತಿದ್ದೇನೆ: ತಪ್ಪು ನನ್ನದು, ನೀಲಗಂಗವ್ವನವರೇ.